ಉದರ ಮತ್ತು ಯಕೃತ್ತಿನ ರೋಗಗಳು: ನಿದಾನವೂ ನವೀನ ಶೋಧನೆಯೂ

(ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಓದಿದ ಉಪನ್ಯಾಸ)

 

ಉಂಡ ಅನ್ನವು ಜಠರದಲ್ಲಿ ಪಕ್ವವಾಗಿ ರಸವಾಗುವುದು. ಆ ರಸವು ದೇಹವನ್ನು ಪೋಷಿಸುವುದು. ಕರುಳು ಹೀರಿಕೊಂಡ ಆಹಾರಸಾರದ ಬಹುಭಾಗವು ರಕ್ತದೊಡನೆ ಮೊದಲು ಹೋಗಿ ಸೇರುವ ಸ್ಥಾನವೇ ಯಕೃತ್ತು. ಜನರ ಬಾಯಲ್ಲಿ ಇದಕ್ಕೆ ಲಿವರ್ ಎಂದೇ ಹೆಸರು. ಬಲಪಕ್ಕೆಯ ಎಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಈ ಅವಯವವು ಪಿತ್ತವನ್ನು ಸ್ರವಿಸುವುದು, ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ಕೊಡುವುದು, ಗಾಯದಲ್ಲಿ ರಕ್ತವು ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ಸಿದ್ಧಪಡಿಸುವುದು, ಒಳಸೇರಿದ ವಿಷವನ್ನು ನಿರ್ವಿಷಗೊಳಿಸುವುದು. ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಪಾಲು ಆರೋಗ್ಯವಾಗಿದ್ದರೆ ತಿರುಗಿ ಬೆಳೆಯುವ ಶಕ್ತಿಯೂ ಇದಕ್ಕುಂಟು.

ಆದರೆ ಈ ಸಹನಶೀಲ ಅವಯವಕ್ಕೆ ಒಂದು ಅವಗುಣವೂ ಇರುವುದು. ಅದೆಂತೆಂದರೆ, ಅದು ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಹಲ್ಲು ಕೊರೆದರೆ ರಾತ್ರಿಯೆಲ್ಲ ನಿದ್ರೆಯಿಲ್ಲ. ಕಾಲಿಗೆ ಮುಳ್ಳು ನೆಟ್ಟರೆ ನಡೆಯಲಾಗದು. ಯಕೃತ್ತಾದರೋ ಇಪ್ಪತ್ತು ಮೂವತ್ತು ವರುಷ ಒಳಗೊಳಗೇ ಬೆಂದು, ಮೃದುವಾದ ಮಾಂಸವು ಗಾಯದ ಕಲೆಯಂತೆ ಗಡುಸಾಗುತ್ತ ಬಂದರೂ ಮೌನವಾಗಿರುವುದು. ಹೀಗೆ ಗಡುಸಾದ ಸ್ಥಿತಿಗೆ ವೈದ್ಯರು ಸಿರೋಸಿಸ್ ಎನ್ನುವರು. ಕಣ್ಣು ಹಳದಿಯಾಗಿ, ಕಾಲು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾದಾಗಲೇ ಮನೆಯವರಿಗೆ ಎಚ್ಚರ. ಅಷ್ಟರಲ್ಲಿ ಬಹುವಾಗಿ ಕಾಲ ಮೀರಿರುವುದು.

ಆಯುರ್ವೇದದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನಕ್ಕೆ ಸ್ಥಾನ. ಮಾಧವಕರನು ತನ್ನ ಗ್ರಂಥವನ್ನು ನಿದಾನವೊಂದಕ್ಕೇ ಮೀಸಲಿಟ್ಟನು. ರೋಗಕ್ಕೆ ಕಾರಣವಾದುದನ್ನು ಅರಿತು ಅದನ್ನು ತೊರೆಯುವುದೇ ಮೊದಲನೆಯ ಚಿಕಿತ್ಸೆಯೆಂಬುದು ಆ ಶಾಸ್ತ್ರದ ಸಿದ್ಧಾಂತ. ಕಳೆದ ಅರುವತ್ತು ವರುಷಗಳಲ್ಲಿ ಉದರ ಮತ್ತು ಯಕೃತ್ತಿನ ರೋಗಗಳ ವಿಷಯದಲ್ಲಿ ನಡೆದ ಶೋಧನೆಗಳು ಈ ಸಿದ್ಧಾಂತಕ್ಕೆ ಒಳ್ಳೆಯ ನಿದರ್ಶನಗಳಾಗಿವೆ. ಯಾವ ರೋಗಗಳನ್ನು ಜನರು ಹಣೆಬರಹವೆಂದೋ ಮನಸ್ಸಿನ ಚಿಂತೆಯೆಂದೋ ನಡತೆಯ ದೋಷವೆಂದೋ ಹೇಳಿ ಕೈಬಿಟ್ಟಿದ್ದರೋ, ಅವುಗಳಲ್ಲಿ ಅನೇಕಕ್ಕೆ ನಿಶ್ಚಿತವಾದ, ನಿವಾರಿಸಬಹುದಾದ ಕಾರಣಗಳು ಕಂಡುಬಂದಿವೆ.

ಮೊದಲು ಜಠರದ ಹುಣ್ಣಿನ ಸಂಗತಿಯನ್ನು ನೋಡಬಹುದು. ಅಲ್ಸರ್ ಎಂದು ಹೆಸರಾದ ಈ ವ್ಯಾಧಿಯು ಚಿಂತೆ, ಖಾರ, ಆಮ್ಲಾಧಿಕ್ಯಗಳಿಂದ ಬರುವುದೆಂದು ಲೋಕವೆಲ್ಲ ನಂಬಿದ್ದಿತು. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಾಣುವೂ ಬದುಕಲಾರದೆಂಬುದು ಅಂದಿನ ಪಂಡಿತರ ನಿಶ್ಚಯವಾಗಿತ್ತು. ೧೯೭೯ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಎಂಬ ವೈದ್ಯನು ರೋಗಿಗಳ ಜಠರದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವಾಗ ಸುರುಳಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡನು. ೧೯೮೧ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯನು ಅವನ ಜತೆಗೂಡಿದನು. ಸೂಕ್ಷ್ಮಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಪ್ರಯತ್ನಗಳೆಲ್ಲ ವಿಫಲವಾದುವು. ೧೯೮೨ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳು ವಾಡಿಕೆಯ ಎರಡು ದಿನಗಳನ್ನು ಮೀರಿ ಹಾಗೆಯೇ ಉಳಿದುವು. ರಜೆ ಮುಗಿಸಿ ಬಂದು ನೋಡಿದರೆ ಸೂಕ್ಷ್ಮಾಣು ಬೆಳೆದಿತ್ತು! ಕಾಯುವ ತಾಳ್ಮೆ ಸಾಲದೆ ಅಷ್ಟು ಕಾಲ ಅದು ಸಿಕ್ಕಿರಲಿಲ್ಲ.

ಪಂಡಿತಮಂಡಲಿಯು ಸುಲಭವಾಗಿ ಒಪ್ಪಲಿಲ್ಲ. ೧೯೮೪ರಲ್ಲಿ ಮಾರ್ಷಲನು ಆ ಸೂಕ್ಷ್ಮಾಣುಗಳ ನೀರನ್ನು ತಾನೇ ಕುಡಿದು, ಕೆಲವೇ ದಿನಗಳಲ್ಲಿ ಓಕರಿಕೆಗೂ ಜಠರದ ಉರಿಯೂತಕ್ಕೂ ಗುರಿಯಾಗಿ, ತನ್ನ ದೇಹವನ್ನೇ ಪ್ರಮಾಣವಾಗಿ ಒಡ್ಡಿದನು. ಅನುಕರಿಸತಕ್ಕ ಕಾರ್ಯವಿದಲ್ಲವಾದರೂ ಅದರ ಹಿಂದಿನ ಸತ್ಯನಿಷ್ಠೆಯು ಶ್ಲಾಘ್ಯವಾದುದು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರು ಪಡೆದ ಈ ಸೂಕ್ಷ್ಮಾಣುವು ಹುಣ್ಣಿಗೆ ಮಾತ್ರವಲ್ಲದೆ ಜಠರದ ಅರ್ಬುದಕ್ಕೂ, ಎಂದರೆ ಕ್ಯಾನ್ಸರಿಗೂ, ಕಾರಣವಾಗಬಲ್ಲದೆಂದು ೧೯೯೪ರಲ್ಲಿ ನಿರ್ಣಯವಾಯಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಹಿಂದೆ ಜೀವಮಾನವೆಲ್ಲ ಮದ್ದು ನುಂಗುತ್ತಲೋ ಶಸ್ತ್ರಕ್ಕೆ ಹೊಟ್ಟೆಯೊಡ್ಡಿಯೋ ಬಳಲುತ್ತಿದ್ದ ರೋಗಿಯು ಈಗ ಸಾಧಾರಣವಾಗಿ ಹದಿನಾಲ್ಕು ದಿನಗಳ ಔಷಧದಿಂದ ಗುಣ ಹೊಂದುವನು. ಈ ವ್ಯಾಧಿಗೆ ಇನ್ನೊಂದು ನಿದಾನವೂ ಉಂಟು. ಮೊಣಕಾಲು ನೋವು, ಸೊಂಟ ನೋವುಗಳಿಗೆ ವೈದ್ಯರ ಅಪ್ಪಣೆಯಿಲ್ಲದೆ ದಿನವಹಿ ನುಂಗುವ ನೋವಿನ ಗುಳಿಗೆಗಳೂ ಜಠರದಲ್ಲಿ ಹುಣ್ಣುಮಾಡಿ ರಕ್ತ ಸುರಿಸಬಲ್ಲುವು. ವೃದ್ಧರಿರುವ ಮನೆಗಳಲ್ಲಿ ಇದನ್ನು ಅಗತ್ಯವಾಗಿ ತಿಳಿದಿರಬೇಕು.

ಹುಣ್ಣಿಗೆ ಕಾರಣವು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಈ ದೇಶದ ಎಳೆಯ ಮಕ್ಕಳನ್ನು ಕಾಡಿದ ಒಂದು ಯಕೃದ್ರೋಗಕ್ಕೆ ಕಾರಣವು ಅಡಿಗೆಮನೆಯಲ್ಲಿಯೇ ಕಂಡಿತು. ಆರು ತಿಂಗಳಿಂದ ನಾಲ್ಕು ವರುಷದೊಳಗಿನ ಕೂಸುಗಳಲ್ಲಿ ಹೊಟ್ಟೆ ದೊಡ್ಡದಾಗಿ, ಯಕೃತ್ತು ಕಲ್ಲಿನಂತೆ ಗಡುಸಾಗಿ, ಮಗುವು ರಚ್ಚೆಹಿಡಿದು ಸೊರಗಿ, ಕಾಮಾಲೆಯಾಗಿ ಕೆಲವು ತಿಂಗಳಲ್ಲಿ ತೀರಿಹೋಗುತ್ತಿತ್ತು. ಒಂದೇ ಮನೆಯಲ್ಲಿ ಎರಡು ಮೂರು ಕೂಸುಗಳು ಹೀಗೆ ಹೋದುದುಂಟು. ಭಾರತೀಯ ಶಿಶುಗಳ ಸಿರೋಸಿಸ್ ಎಂದೇ ಇದಕ್ಕೆ ವೈದ್ಯಗ್ರಂಥಗಳಲ್ಲಿ ಹೆಸರಾಯಿತು.

ಇಂತಹ ಮಕ್ಕಳ ಯಕೃತ್ತಿನಲ್ಲಿ ತಾಮ್ರವು ವಿಪರೀತವಾಗಿ ತುಂಬಿರುವುದು ಪರೀಕ್ಷೆಯಿಂದ ತಿಳಿಯಿತು. ಪುಣೆಯಲ್ಲಿ ಶೀಲಾ ಭಾವೆ ಮತ್ತು ಆನಂದ ಪಂಡಿತ್ ಎಂಬ ವೈದ್ಯರೂ ಇಂಗ್ಲೆಂಡಿನ ಟ್ಯಾನರ್ ಎಂಬ ವೈದ್ಯರೂ ಕೂಡಿ, ಮಕ್ಕಳಿಗೆ ಏನನ್ನು, ಯಾವ ಪಾತ್ರೆಯಲ್ಲಿ ಕೊಡುತ್ತಿದ್ದರೆಂದು ತಾಯಂದಿರನ್ನು ವಿಚಾರಿಸಿದರು. ಎದೆಹಾಲನ್ನು ಬೇಗ ಬಿಡಿಸಿ, ಹಸುವಿನ ಅಥವಾ ಎಮ್ಮೆಯ ಹಾಲನ್ನು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿ, ಅದರಲ್ಲಿಯೇ ಇಟ್ಟು ಕುಡಿಸುತ್ತಿದ್ದುದು ಬೆಳಕಿಗೆ ಬಂದಿತು. ಹಿತ್ತಾಳೆಯ ತಾಮ್ರವನ್ನು ಹಾಲು ಎಳೆದುಕೊಳ್ಳುವುದು. ಶಿಶುವಿನ ಎಳೆಯ ಯಕೃತ್ತು ಅದನ್ನು ಹೊರಹಾಕಲಾರದು. ೧೯೮೩ರಲ್ಲಿ ಈ ಶೋಧನೆಯು ಪ್ರಕಟವಾಯಿತು. ಹುಟ್ಟಿನಿಂದ ಬಂದ ಒಲವೂ ಕೆಲವು ಮಕ್ಕಳಲ್ಲಿ ಇದ್ದಿರಬಹುದೆಂದು ಪಂಡಿತರಲ್ಲಿ ವಾದವುಂಟು. ಆದರೂ ಹಿತ್ತಾಳೆಯ ಪಾತ್ರೆಯು ಹೋಗಿ ಉಕ್ಕಿನ ಪಾತ್ರೆಯು ಬಂದ ಮೇಲೆ ಆ ರೋಗವೇ ವಿರಳವಾಗಿ, ಈಗಿನ ತರುಣ ವೈದ್ಯರಿಗೆ ಅದು ಪುಸ್ತಕದಲ್ಲಿ ಮಾತ್ರ ಓದಿದ ಸಂಗತಿಯಾಗಿದೆ. ದೂರದ ಆಸ್ಟ್ರಿಯ ದೇಶದ ಟಿರೋಲ್ ಎಂಬ ಬೆಟ್ಟಸೀಮೆಯಲ್ಲಿಯೂ ತಾಮ್ರದ ಪಾತ್ರೆಯ ಹಾಲಿನಿಂದ ೧೯೦೦ರಿಂದ ೧೯೭೪ರವರೆಗೆ ೧೩೮ ಶಿಶುಗಳು ಇಂಥದೇ ರೋಗಕ್ಕೆ ಬಲಿಯಾದುದು ೧೯೯೬ರಲ್ಲಿ ಪ್ರಕಟವಾಯಿತು.

ಹುಳಿಯನ್ನು ಕಲಾಯಿಯಿಲ್ಲದ ಪಾತ್ರೆಯಲ್ಲಿಟ್ಟರೆ ಕಿಲುಬೇರುವುದೆಂದು ಹಿಂದಿನ ಗೃಹಿಣಿಯರಿಗೆ ಚೆನ್ನಾಗಿ ತಿಳಿದಿತ್ತು. ಹಾಲಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಕಾಣುವ ಕಿಲುಬಿರಲಿಲ್ಲವಾದುದರಿಂದ ಸಂದೇಹವೂ ಹುಟ್ಟಲಿಲ್ಲ. ಅಕ್ಕರೆಯಿಂದ ಹಾಲೂಡಿದ ತಾಯಿಯೇ ಮಗುವನ್ನು ಕಳೆದುಕೊಂಡು, ಮೇಲಿಂದ ಪೂರ್ವಜನ್ಮದ ಪಾಪಿಯೆಂಬ ನಿಂದೆಯನ್ನೂ ಹೊರಬೇಕಾಯಿತು. ಪಾಪವು ಅವಳಲ್ಲಿರಲಿಲ್ಲ, ಪಾತ್ರೆಯಲ್ಲಿದ್ದಿತು.

ಇನ್ನು ಯಕೃತ್ತಿಗೆ ಬಹು ದೊಡ್ಡ ಶತ್ರುಗಳಾದ ವೈರಾಣುಗಳ ಸಂಗತಿ. ಸೂಕ್ಷ್ಮಾಣುಗಳಿಗಿಂತಲೂ ಅತಿ ಸೂಕ್ಷ್ಮವಾದ ಇವು ಯಕೃತ್ತಿಗೆ ತಗಲಿ ಹುಟ್ಟಿಸುವ ಉರಿಯೂತಕ್ಕೆ ಹೆಪಟೈಟಿಸ್ ಎಂದು ಹೆಸರು. ಇವುಗಳಲ್ಲಿ ಎ ಮತ್ತು ಇ ಎಂಬುವು ಕಲುಷಿತವಾದ ನೀರು ಮತ್ತು ಆಹಾರಗಳಿಂದಲೂ, ಬಿ ಮತ್ತು ಸಿ ಎಂಬುವು ಮುಖ್ಯವಾಗಿ ರಕ್ತದಿಂದಲೂ ಹರಡುವುವು. ಬಿ ವೈರಾಣುವು ಪ್ರಸವಕಾಲದಲ್ಲಿ ತಾಯಿಯಿಂದ ಶಿಶುವಿಗೂ, ದಾಂಪತ್ಯದಲ್ಲಿ ಒಬ್ಬರಿಂದೊಬ್ಬರಿಗೂ ದಾಟುವುದು.

ಅಮೆರಿಕದ ಬರೂಕ್ ಬ್ಲುಂಬರ್ಗ್ ಎಂಬ ವಿಜ್ಞಾನಿಯು ನಾನಾ ದೇಶಗಳ ಜನರ ರಕ್ತವನ್ನು ವಂಶಗುಣಗಳ ಅಧ್ಯಯನಕ್ಕಾಗಿ ಪರೀಕ್ಷಿಸುತ್ತಿರುವಾಗ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಅಪರಿಚಿತವಾದ ದ್ರವ್ಯವೊಂದು ಕಂಡಿತು. ಅದು ಬಿ ವೈರಾಣುವಿನ ಹೊರಕವಚವೆಂದು ಮುಂದೆ ತಿಳಿಯಿತು. ೧೯೬೯ರಲ್ಲಿ ಅವನೂ ಇರ್ವಿಂಗ್ ಮಿಲ್‌ಮನ್ನನೂ ಲಸಿಕೆಯ ಮಾರ್ಗವನ್ನು ಕಂಡುಹಿಡಿದರು. ೧೯೭೬ರಲ್ಲಿ ಬ್ಲುಂಬರ್ಗನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ತೈವಾನಿನಲ್ಲಿ ೧೯೮೪ರಿಂದ ನವಜಾತ ಶಿಶುಗಳಿಗೆ ಈ ಲಸಿಕೆಯನ್ನು ಹಾಕತೊಡಗಿದರು. ಹತ್ತು ವರುಷಗಳೊಳಗಾಗಿ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಲಕ್ಷಕ್ಕೆ ೦.೭೦ರಿಂದ ೦.೩೬ಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆಯಬಲ್ಲದೆಂಬುದಕ್ಕೆ ಇದು ಲೋಕಕ್ಕೆ ದೊರೆತ ಪ್ರತ್ಯಕ್ಷ ಪ್ರಮಾಣ.

ಇಲ್ಲಿ ಕಾಲದ ಮಹತ್ವವನ್ನು ಚೆನ್ನಾಗಿ ಗಮನಿಸಬೇಕು. ಪ್ರಾಯದವನಿಗೆ ಬಿ ವೈರಾಣು ತಗಲಿದರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿಯಲ್ಲಿ ದೇಹವೇ ಅದನ್ನು ಹೊರದೂಡುವುದು. ಹುಟ್ಟಿದ ಕೂಡಲೇ ತಗಲಿದ ಶಿಶುಗಳಲ್ಲಾದರೋ ನೂರಕ್ಕೆ ಸುಮಾರು ತೊಂಬತ್ತರಲ್ಲಿ ಅದು ನೆಲೆಯೂರಿ, ನಡುವಯಸ್ಸಿನಲ್ಲಿ ಸಿರೋಸಿಸ್ಸಾಗಿಯೋ ಕ್ಯಾನ್ಸರಾಗಿಯೋ ತಲೆಯೆತ್ತಬಲ್ಲದು. ಆದುದರಿಂದಲೇ ಮಗು ಹುಟ್ಟಿದ ೨೪ ಗಂಟೆಗಳೊಳಗೆ ಮೊದಲನೆಯ ಲಸಿಕೆ ಬೀಳಬೇಕೆಂದು ವಿಧಿಸಲಾಗಿದೆ. ೨೦೧೧ರಿಂದ ಭಾರತದಲ್ಲೆಲ್ಲ ಇದು ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದ್ದು, ಹಣವಿಲ್ಲದೆ ದೊರೆಯುವುದು. ತೊಟ್ಟಿಲ ಶಾಸ್ತ್ರಕ್ಕೆ ಮುಹೂರ್ತವನ್ನು ನೋಡಬಹುದು; ಈ ಲಸಿಕೆಗೆ ಮಗು ಹುಟ್ಟಿದ ದಿನವೇ ಮುಹೂರ್ತ. ರೋಗವು ನೆಲೆಯೂರಿದವರಿಗೂ ದಿನಕ್ಕೊಂದು ಗುಳಿಗೆಯಿಂದ ವೈರಾಣುವನ್ನು ಅಡಗಿಸಿಡುವ ಚಿಕಿತ್ಸೆಯಿದೆ. ಬೇರುಸಹಿತ ಕೀಳುವ ಔಷಧದ ಶೋಧನೆಯು ನಡೆದಿದೆ.

ಸಿ ವೈರಾಣುವಿನ ವೃತ್ತಾಂತವು ಇನ್ನೂ ವಿಸ್ಮಯಕರವಾದುದು. ರಕ್ತದಾನ ಪಡೆದವರಲ್ಲಿ ಎ ಅಲ್ಲದ, ಬಿ ಅಲ್ಲದ ಉರಿಯೂತವೊಂದು ಬರುತ್ತಿರುವುದನ್ನು ಹಾರ್ವೆ ಆಲ್ಟರ್ ಎಂಬ ವೈದ್ಯನು ೧೯೭೦ರ ದಶಕದಲ್ಲಿ ತೋರಿಸಿದನು. ೧೯೮೯ರಲ್ಲಿ ಮೈಕೆಲ್ ಹೌಟನ್ನನೂ ಅವನ ಸಂಗಡಿಗರೂ ಆ ವೈರಾಣುವನ್ನು ಗುರುತಿಸಿದರು. ಅದೊಂದರಿಂದಲೇ ರೋಗ ಬರುವುದೆಂದು ೧೯೯೭ರಲ್ಲಿ ಚಾರ್ಲ್ಸ್ ರೈಸನು ಸಿದ್ಧಪಡಿಸಿದನು. ಮೂವರಿಗೂ ೨೦೨೦ರಲ್ಲಿ ನೊಬೆಲ್ ಸಂದಿತು. ೨೦೧೩ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೋಸ್‌ಬುವಿರ್ ಎಂಬ ಗುಳಿಗೆಗೆ ಅನುಮತಿ ದೊರೆಯಿತು. ಇದನ್ನೂ ಇದರ ಜತೆಯ ಗುಳಿಗೆಗಳನ್ನೂ ಸಾಮಾನ್ಯವಾಗಿ ಹನ್ನೆರಡು ವಾರ ಸೇವಿಸಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ರೋಗಿಗಳ ರಕ್ತದಿಂದ ವೈರಾಣುವು ನಿರ್ನಾಮವಾಗುವುದು. ಆದರೆ ಅಂದು ಒಂದು ಗುಳಿಗೆಗೆ ಒಂದು ಸಾವಿರ ಡಾಲರ್ ಬೆಲೆ! ಬಡವನಿಗೆ ಮದ್ದು ಇದ್ದೂ ಇಲ್ಲದಂತೆ. ೨೦೧೪ರಲ್ಲಿ ಭಾರತದ ಔಷಧ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ದೊರೆತು ಬೆಲೆಯು ಪಾತಾಳಕ್ಕಿಳಿಯಿತು. ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತವಾಗಿವೆ. ಜುಲೈ ೨೮ ಬ್ಲುಂಬರ್ಗನ ಜನ್ಮದಿನ. ವಿಶ್ವ ಹೆಪಟೈಟಿಸ್ ದಿನವೂ ಅದೇ.

ಈಜಿಪ್ಟಿನ ಉದಾಹರಣೆಯಿಂದ ಕಲಿಯತಕ್ಕದ್ದು ಬಹಳವಿದೆ. ನೈಲ್ ನದಿಯ ನೀರಿನಿಂದ ಬರುವ ಒಂದು ಹುಳುವಿನ ರೋಗಕ್ಕೆ ೧೯೫೦ರಿಂದ ೧೯೮೦ರ ದಶಕದವರೆಗೆ ಹಳ್ಳಿ ಹಳ್ಳಿಗಳಲ್ಲಿ ಚುಚ್ಚುಮದ್ದನ್ನು ಹಾಕಿದರು. ಸರಿಯಾಗಿ ಶುದ್ಧಿಮಾಡದ ಸೂಜಿಗಳನ್ನೇ ಮತ್ತೆ ಮತ್ತೆ ಬಳಸಿದುದರಿಂದ ಉಪಕಾರಕ್ಕೆಂದು ತೊಡಗಿದ ಕಾರ್ಯವೇ ಸಿ ವೈರಾಣುವನ್ನು ದೇಶವೆಲ್ಲ ಹರಡಿತು. ಅದೇ ದೇಶವು ೨೦೧೮-೧೯ರಲ್ಲಿ ಸುಮಾರು ಐದು ಕೋಟಿ ಜನರ ರಕ್ತವನ್ನು ಪರೀಕ್ಷಿಸಿ, ರೋಗವಿದ್ದವರಿಗೆ ಉಚಿತವಾಗಿ ಔಷಧ ಕೊಟ್ಟು, ನಿರ್ಮೂಲನದ ದಾರಿಯಲ್ಲಿ ಮುಂದುವರಿದುದಕ್ಕಾಗಿ ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಗೆ ಪಾತ್ರವಾಯಿತು. ಸೂಜಿಯಿಂದ ಬಂದ ಅನರ್ಥವು ಪರೀಕ್ಷೆಯಿಂದ ಪರಿಹಾರವಾಯಿತು.

ನೀರಿನಿಂದ ಬರುವ ಕಾಮಾಲೆಯು ಈ ನಾಡಿನವರಿಗೆ ಹೆಚ್ಚು ಪರಿಚಿತವಾದುದು. ಕೆಲವು ಸೀಮೆಗಳಲ್ಲಿ ಕಾಮಣಿಯೆಂದು ಕರೆಯುವರು. ೧೯೫೫-೫೬ರ ಚಳಿಗಾಲದಲ್ಲಿ ದೆಹಲಿಯಲ್ಲಿ ಯಮುನೆಯ ಕುಡಿಯುವ ನೀರಿಗೆ ಚರಂಡಿಯ ಕೊಳೆ ಸೇರಿ ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ನೀರಿಗೆ ಕ್ಲೋರಿನ್ ಹೆಚ್ಚಾಗಿ ಬೆರೆಸಿದ್ದರಿಂದ ವಿಷಮಶೀತಜ್ವರವು ಹೆಚ್ಚಲಿಲ್ಲ. ವೈರಾಣು ಮಾತ್ರ ಉಳಿಯಿತು. ೧೯೭೮ರಲ್ಲಿ ಕಾಶ್ಮೀರದಲ್ಲಿ ಇಂಥದೇ ಪಿಡುಗು ಬಂದಾಗ ಅಲ್ಲಿಯ ವೈದ್ಯ ಮಹಮ್ಮದ್ ಸುಲ್ತಾನ್ ಖುರೂ ಅವರು, ಇದು ಹೊಸದೊಂದು ವೈರಾಣುವಿನ ಕೆಲಸವೆಂದು ತರ್ಕಿಸಿದರು. ಇ ವೈರಾಣುವೆಂದು ಈಗ ಹೆಸರಾದ ಅದು ಬಸುರಿನ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸರಿಗೆ ತಗಲಿದರೆ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮಂದಿಯ ಪ್ರಾಣಕ್ಕೆ ಮುಳುವಾಗಬಲ್ಲದು. ಗರ್ಭಿಣಿಗೆ ಕಾಮಾಲೆಯೆಂದು ಕಂಡೊಡನೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಜಾತ್ರೆ, ದಾಸೋಹಗಳಲ್ಲಿ ಸಾವಿರಾರು ಜನರಿಗೆ ನೀರು ಕೊಡುವ ಭಕ್ತರು ಅದನ್ನು ಕುದಿಸಿ ಆರಿಸಿ ಕೊಡುವುದೂ, ಅಡಿಗೆಗೂ ಬಡಿಸುವುದಕ್ಕೂ ಮೊದಲು ಸಾಬೂನಿನಿಂದ ಕೈತೊಳೆಯುವುದೂ ಅನ್ನವಿಕ್ಕುವಷ್ಟೇ ದೊಡ್ಡ ಸೇವೆ.

ಕಾಮಾಲೆಗೆ ನಾಟಿ ಔಷಧವನ್ನು ಕುಡಿಸುವ, ಕೈಗೆ ಬರೆ ಹಾಕುವ ರೂಢಿಯು ಈಗಲೂ ಅಲ್ಲಲ್ಲಿ ಉಳಿದಿದೆ. ಎ ವೈರಾಣುವಿನ ಕಾಮಾಲೆಯು ಬಹುಮಂದಿಯಲ್ಲಿ ವಿಶ್ರಾಂತಿಯಿಂದ ತಾನಾಗಿಯೇ ಗುಣವಾಗುವುದು. ಯಶಸ್ಸು ಬರೆಗೆ ಸಲ್ಲುವುದು. ಅದೇ ನಂಬಿಕೆಯಿಂದ ಬಿ ವೈರಾಣುವಿನ ರೋಗಿಯನ್ನು ನಿಲ್ಲಿಸಿಕೊಂಡರೆ, ಕಣ್ಣಿನ ಹಳದಿ ಇಳಿದರೂ ಒಳಗಿನ ಬೆಂಕಿಯು ಆರಿರುವುದಿಲ್ಲ. ಹಳದಿಯು ರೋಗವಲ್ಲ, ರೋಗದ ಲಕ್ಷಣ. ಲಕ್ಷಣಕ್ಕೆ ಮದ್ದು ಹಾಕಿ ನಿದಾನವನ್ನು ಬಿಡುವುದು ಪ್ರಾಚೀನ ವೈದ್ಯಕ್ಕೂ ನವೀನ ವೈದ್ಯಕ್ಕೂ ಸಮ್ಮತವಾದುದಲ್ಲ.

ಇನ್ನುಳಿದುದು ಈ ಕಾಲದಲ್ಲಿ ವಿಶೇಷವಾಗಿ ಹಬ್ಬುತ್ತಿರುವ ಕೊಬ್ಬಿನ ಯಕೃತ್ತು. ಮದ್ಯವನ್ನು ಮುಟ್ಟದವರ ಯಕೃತ್ತಿನಲ್ಲಿಯೂ ಮಧುಮೇಹ, ಸ್ಥೂಲಕಾಯ, ಕೂತಲ್ಲೇ ಕೂತಿರುವ ಜೀವನಗಳಿಂದ ಕೊಬ್ಬು ಶೇಖರವಾಗಿ ಸಿರೋಸಿಸ್ಸಿನವರೆಗೆ ಹೋಗಬಲ್ಲದು. ಭಾರತ ಸರ್ಕಾರವು ೨೦೨೧ರಲ್ಲಿ ಇದನ್ನು ತನ್ನ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಸೇರಿಸಿತು. ಅಮೆರಿಕದಲ್ಲಿ ಇದಕ್ಕೆಂದು ೨೦೨೪ರಲ್ಲಿ ರೆಸ್ಮೆಟಿರೋಮ್ ಎಂಬ ಔಷಧಕ್ಕೂ, ೨೦೨೫ರಲ್ಲಿ ಸೆಮಾಗ್ಲುಟೈಡ್ ಎಂಬುದಕ್ಕೂ, ಯಕೃತ್ತು ಮಧ್ಯಮದಿಂದ ಹೆಚ್ಚಿನ ಮಟ್ಟಿಗೆ ಗಡುಸಾದರೂ ಸಿರೋಸಿಸ್ಸಾಗದ ರೋಗಿಗಳ ಸಲುವಾಗಿ ಅನುಮತಿ ದೊರೆತಿದೆ. ಹೊಟ್ಟೆಯ ಮೇಲೆ ಯಂತ್ರವನ್ನಿಟ್ಟು ಯಕೃತ್ತಿನ ಗಡುಸುತನವನ್ನು ಸೂಜಿಯಿಲ್ಲದೆ ಅಳೆಯುವ ಉಪಾಯವೂ ಬಂದಿದೆ. ಇಷ್ಟೆಲ್ಲ ಇದ್ದರೂ ಮೊದಲ ಮದ್ದು ಹಳೆಯದೇ. ಸ್ಥೂಲಕಾಯರು ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿಸಿದರೆ ಕೊಬ್ಬು ಕರಗುವುದು. ಏಳರಿಂದ ಹತ್ತರಷ್ಟು ಇಳಿಸಿದರೆ ಉರಿಯೂತವೂ ತಗ್ಗುವುದು. ಮಿತಾಹಾರ, ನಡಿಗೆ, ಸಿಹಿಪಾನೀಯಗಳ ತ್ಯಾಗ, ಇವಕ್ಕೆ ಅಂಗಡಿಯ ಚೀಟಿ ಬೇಡ. ಮದ್ಯವಾದರೋ ಹೇಳುವುದೇ ಬೇಡ. ನಿರಪಾಯಕರವಾದ ಅಳತೆಯೆಂಬುದೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿದೆ.

ಭಕ್ತಮಹಾಶಯರೆ, ಶೋಧನೆಯು ಇಷ್ಟು ಮುಂದುವರಿದಿರುವಾಗ ಜನರು ಏತಕ್ಕೆ ಸಾಯುತ್ತಿರುವರು? ವಿಶ್ವ ಆರೋಗ್ಯ ಸಂಸ್ಥೆಯ ೨೦೨೪ರ ವರದಿಯಂತೆ ೨೦೨೨ರಲ್ಲಿ ಭಾರತದಲ್ಲಿ ಬಿ ವೈರಾಣುವುಳ್ಳವರು ಸುಮಾರು ೨ ಕೋಟಿ ೯೮ ಲಕ್ಷ, ಸಿ ವೈರಾಣುವುಳ್ಳವರು ಸುಮಾರು ೫೫ ಲಕ್ಷ. ಲೋಕದಲ್ಲೆಲ್ಲ ಬಿ ವೈರಾಣುವುಳ್ಳ ನೂರು ಜನರಲ್ಲಿ ಪರೀಕ್ಷೆಯಿಂದ ರೋಗವು ಗೊತ್ತಾದವರು ಹದಿಮೂರು ಮಂದಿ ಮಾತ್ರ. ಚಿಕಿತ್ಸೆ ಪಡೆದವರು ಮೂವರು. ಔಷಧವಿಲ್ಲದೆ ಸಾಯುವ ಕಾಲವು ಹೋಗಿ, ಅರಿವಿಲ್ಲದೆ ಸಾಯುವ ಕಾಲವು ಬಂದಿದೆ.

ಅರಿವಿಗೆ ಅಡ್ಡಬರುವುದು ಅಜ್ಞಾನವೊಂದೇ ಅಲ್ಲ; ನಾಚಿಕೆಯೂ ಹೌದು. ಹೊಟ್ಟೆಯಲ್ಲಿ ನೀರು ತುಂಬಿದವನನ್ನು ಕಂಡೊಡನೆ ಕುಡುಕನಿರಬೇಕೆಂದು ನೆರೆಯವರು ನಿರ್ಣಯಿಸುವರು. ಎಂದೂ ಮದ್ಯವನ್ನು ಮುಟ್ಟದ ಸಾಧುವು ಆ ಮಾತಿಗಂಜಿ ವೈದ್ಯರ ಬಳಿಗೆ ಹೋಗದೆ ಉಳಿಯುವನು. ಮದ್ಯಪಾನದಿಂದಲೇ ಬಂದಿದ್ದರೂ ಅವನು ಚಿಕಿತ್ಸೆಗೆ ಅರ್ಹನಾದ ರೋಗಿಯೇ ಹೊರತು ನಿಂದೆಗೆ ಗುರಿಯಲ್ಲ. ಬಿ ವೈರಾಣುವುಳ್ಳವರೆಂದು ತಿಳಿದರೆ ಪಂಕ್ತಿಯಲ್ಲಿ ದೂರವಿಡುವುದೂ ಮಗಳ ಸಂಬಂಧವನ್ನು ಮುರಿಯುವುದೂ ನಡೆಯುತ್ತಿದೆ. ಬಿ ಮತ್ತು ಸಿ ವೈರಾಣುಗಳು ಕೂಡಿ ಉಣ್ಣುವುದರಿಂದಾಗಲಿ, ಕೈಹಿಡಿಯುವುದರಿಂದಾಗಲಿ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದಾಗಲಿ ಹರಡುವುದಿಲ್ಲ. ವಧೂವರರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರು ಬಿ ಲಸಿಕೆಯನ್ನು ಮೊದಲೇ ಪೂರ್ತಿಮಾಡಿಸಿಕೊಳ್ಳಬಹುದು. ಹೀಗಿರುವಲ್ಲಿ ಪಂಕ್ತಿಭೇದಕ್ಕೂ ಸಂಬಂಧಭಂಗಕ್ಕೂ ಆಧಾರವೆಲ್ಲಿ?

ಆದುದರಿಂದ ಗೃಹಸ್ಥರು ಆಚರಿಸತಕ್ಕುವು ಇಷ್ಟು: ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ಬಿ ಮತ್ತು ಸಿ ವೈರಾಣುಗಳ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು, ಗರ್ಭಿಣಿಯರು ತಪ್ಪದೆ ಮಾಡಿಸಿಕೊಳ್ಳಬೇಕು. ಶಿಶುವಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿಸಬೇಕು. ಚುಚ್ಚುಮದ್ದಿನ ಸೂಜಿಯೂ ಸಿರಿಂಜೂ ಕಣ್ಣೆದುರಿನಲ್ಲಿಯೇ ಹೊಸ ಪೊಟ್ಟಣದಿಂದ ಬರಬೇಕು. ಗುಳಿಗೆಯಿಂದ ಹೋಗುವ ರೋಗಕ್ಕೆ ಸೂಜಿಯನ್ನು ಬೇಡಬಾರದು. ಕ್ಷೌರದ ಅಲಗು, ಹಚ್ಚೆಯ ಸೂಜಿ, ಕಿವಿ ಚುಚ್ಚುವ ಸೂಜಿ ಒಬ್ಬರದು ಇನ್ನೊಬ್ಬರಿಗೆ ಸಲ್ಲದು.

ವಾರೆನ್ನನು ಎಲ್ಲರೂ ಇಲ್ಲವೆಂದುದನ್ನು ಕಣ್ಣಾರೆ ಕಂಡು ಹೌದೆಂದನು. ಪುಣೆಯ ವೈದ್ಯರು ತಾಯಂದಿರ ಮಾತನ್ನು ಕಿವಿಗೊಟ್ಟು ಕೇಳಿ ಪಾತ್ರೆಯತ್ತ ನೋಡಿದರು. ಅವರ ಶ್ರಮವು ಸಾರ್ಥಕವಾಗುವುದು ಪುಸ್ತಕದಲ್ಲಲ್ಲ. ಒಂದು ಮನೆಯ ಯಜಮಾನನು ಸಂಕೋಚವನ್ನು ಬಿಟ್ಟು ಮಡದಿ ಮಕ್ಕಳೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಬೆರಳ ತುದಿಯ ರಕ್ತವನ್ನು ಕೊಟ್ಟು ಬಂದ ದಿನ. ಸರ್ವರಿಗೂ ಆಯುರಾರೋಗ್ಯಗಳು ಲಭಿಸಲಿ.